ಹೋಟೆಲ್ (ಪದ)

ಈ ಲೇಖನವು ಹೋಟೆಲ್ ಎಂಬ ಪದದ ಅರ್ಥ ಮತ್ತು ಬಳಕೆಗಳನ್ನು ಕುರಿತದ್ದು. ತಿಂಡಿತಿನಿಸುಗಳ ವಿವರಕ್ಕೆ ಉಡುಪಿ ಅಡುಗೆ ಲೇಖನವನ್ನು ನೋಡಿ.

ಹೋಟೆಲ್ ಎಂಬುದು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದು ಬಳಕೆಯಲ್ಲಿ ನೆಲೆನಿಂತಿರುವ ಪದ. ಪ್ರಯಾಣಿಕರಿಂದ ಹಣ ಪಡೆದು ತಂಗಲು ಕೋಣೆಯನ್ನು ಒದಗಿಸುವ ಸ್ಥಳ ಎಂಬುದು ಇಂಗ್ಲಿಷಿನಲ್ಲಿ ಇದರ ಮುಖ್ಯಾರ್ಥ. ಕನ್ನಡದಲ್ಲಿ ಇದರ ಮೊದಲ ಅರ್ಥ ಕಾಫಿ, ತಿಂಡಿ, ಊಟ ದೊರೆಯುವ ಸ್ಥಳ. ತಂಗುವ ವ್ಯವಸ್ಥೆ ಅಲ್ಲಿ ಇರಬೇಕೆಂದೇನೂ ಇಲ್ಲ. ಈ ಅರ್ಥಪಲ್ಲಟವು ಅತ್ಯಂತ ಸ್ಪಷ್ಟವಾಗಿ ಕಾಣಸಿಗುವುದು ಕರ್ನಾಟಕದ ಕರಾವಳಿಯ ಉಡುಪಿ ಜಿಲ್ಲೆಯಲ್ಲಿ. ಈ ಪ್ರದೇಶದ ಹೆಸರು ಹೋಟೆಲ್ ಪದದೊಡನೆ ಸೇರಿ "ಉಡುಪಿ ಹೋಟೆಲ್" ಎಂಬ ಸಮಾಸವಾಗಿ ಮುಂಬಯಿ, ಚೆನ್ನೈ, ಬೆಂಗಳೂರುಗಳಲ್ಲಿ ಪ್ರಚಲಿತವಾಗಿದೆ. ಹೋಟೆಲ್ ಎಂದರೆ ಯಾವುದು ಎಂಬ ಪ್ರಶ್ನೆಗೆ ನಿಘಂಟುಗಳಷ್ಟೇ ಅಲ್ಲದೆ ಭಾರತದ ಸಂವಿಧಾನ, ಅಸ್ಪೃಶ್ಯತೆಯ ವಿರುದ್ಧದ ಕಾನೂನು ಮತ್ತು ತೆರಿಗೆಯ ನಿಯಮಗಳೂ ತಮ್ಮದೇ ಉತ್ತರಗಳನ್ನು ನೀಡಿವೆ.

ವ್ಯುತ್ಪತ್ತಿ

ಪದದ ಮೂಲ ಲ್ಯಾಟಿನ್ ಭಾಷೆಯ "ಹೋಸ್ಪೆಸ್". ಇದಕ್ಕೆ ಅತಿಥಿ ಎಂಬ ಅರ್ಥವೂ ಆತಿಥೇಯ ಎಂಬ ಅರ್ಥವೂ ಇತ್ತು. ಇದರಿಂದ ಬಂದ "ಹೋಸ್ಪಿಟಾಲೆ" ಎಂಬ ರೂಪವು ಹಳೆಯ ಫ್ರೆಂಚಿನಲ್ಲಿ "ಓಸ್ತೆಲ್" ಆಗಿ, ಮುಂದೆ ನಡುವಿನ ಸಕಾರವನ್ನು ಕಳೆದುಕೊಂಡು "ಓತೆಲ್" ಆಯಿತು. ಫ್ರೆಂಚ್ ಬರವಣಿಗೆಯಲ್ಲಿ ಓಕಾರದ ಮೇಲಿರುವ ಟೋಪಿಯಂತಹ ಚಿಹ್ನೆ ಆ ಲೋಪವಾದ ಸಕಾರದ ಗುರುತು. ಹಾಸ್ಪಿಟಲ್, ಹಾಸ್ಟೆಲ್, ಹೋಸ್ಟ್ ಎಂಬ ಪದಗಳೆಲ್ಲ ಇದೇ ಕುಟುಂಬಕ್ಕೆ ಸೇರಿದವು.

ಫ್ರೆಂಚಿನಲ್ಲಿ ಈ ಪದಕ್ಕೆ ಶ್ರೀಮಂತರ ಪಟ್ಟಣದ ಮನೆ, ಸಾರ್ವಜನಿಕ ಕಟ್ಟಡ ಎಂಬ ಅರ್ಥಗಳೂ ಇವೆ. ಅಲ್ಲಿನ "ಓತೆಲ್ ದ ವಿಲ್" ಎಂದರೆ ನಗರಸಭೆಯ ಕಟ್ಟಡ. "ಓತೆಲ್ ದ್ಯೂ" ಎಂದರೆ ಹಳೆಯ ಧರ್ಮಾಸ್ಪತ್ರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷರು ಈ ಪದವನ್ನು ಸಾಧಾರಣ ವಸತಿಗೃಹಕ್ಕಿಂತ ಮೇಲ್ಮಟ್ಟದ ವಸತಿಗೃಹ ಎಂಬ ಅರ್ಥದಲ್ಲಿ ಎರವಲು ಪಡೆದರು. ಆ ಅರ್ಥದಲ್ಲಿಯೇ ಅದು ಭಾರತದ ನಗರಗಳಿಗೂ ಬಂದಿತು. ಮುಂಬಯಿಯಲ್ಲಿ 1903ರಲ್ಲಿ ತೆರೆದ ತಾಜ್ ಮಹಲ್ ಹೋಟೆಲ್ ಈ ಅರ್ಥಕ್ಕೆ ಪ್ರಸಿದ್ಧ ಉದಾಹರಣೆ.

ಕನ್ನಡದ ಬರವಣಿಗೆಯಲ್ಲಿ ಹೋಟೆಲ್, ಹೋಟೆಲು, ಹೊಟೇಲ್, ಹೊಟೇಲು ಎಂಬ ರೂಪಗಳು ಕಾಣುತ್ತವೆ. ವ್ಯಂಜನಾಂತ ಪದಗಳಿಗೆ ಉಕಾರ ಸೇರಿಸುವ ಕನ್ನಡದ ಸಹಜ ಪ್ರವೃತ್ತಿಯಿಂದ ಆಡುಮಾತಿನಲ್ಲಿ ಅದು ಹೋಟ್ಲು ಆಗುತ್ತದೆ. ಹಕಾರ ಬಿದ್ದುಹೋಗಿ "ಓಟ್ಲು" ಎನ್ನುವುದೂ ಉಂಟು. ತಮಿಳಿನ "ಓಟ್ಟಲ್" ಕೂಡ ಹೀಗೆಯೇ. ಫ್ರೆಂಚರೂ ಹಕಾರವನ್ನು ಉಚ್ಚರಿಸುವುದಿಲ್ಲವಾದರೂ ಎರಡಕ್ಕೂ ಸಂಬಂಧವಿಲ್ಲ. ಅದು ಆಕಸ್ಮಿಕ ಹೋಲಿಕೆ ಮಾತ್ರ.

ಅರ್ಥವ್ಯಾಪ್ತಿ

ಕನ್ನಡದಲ್ಲಿ "ಹೋಟೆಲಿಗೆ ಹೋಗೋಣ" ಎಂದರೆ ಏನನ್ನಾದರೂ ತಿನ್ನಲು ಅಥವಾ ಕುಡಿಯಲು ಹೋಗೋಣ ಎಂದರ್ಥ. ಇಂಗ್ಲಿಷ್ ಮಾತೃಭಾಷೆಯವರು ಈ ವಾಕ್ಯವನ್ನು ಕೋಣೆ ಹಿಡಿಯಲು ಹೋಗೋಣ ಎಂದು ತಿಳಿದುಕೊಳ್ಳುವ ಸಾಧ್ಯತೆ ಇದೆ. ತಂಗುವ ಸ್ಥಳವನ್ನು ಕನ್ನಡಿಗರು ಸಾಮಾನ್ಯವಾಗಿ ಲಾಡ್ಜ್, ವಸತಿಗೃಹ, ಯಾತ್ರಿನಿವಾಸ ಮುಂತಾದ ಹೆಸರುಗಳಿಂದ ಕರೆಯುತ್ತಾರೆ. ದುಬಾರಿಯಾದ ದೊಡ್ಡ ವಸತಿಗೃಹಕ್ಕೆ ಮಾತ್ರ "ಪಂಚತಾರಾ ಹೋಟೆಲ್", "ಸ್ಟಾರ್ ಹೋಟೆಲ್" ಎಂದು ವಿಶೇಷಣ ಸೇರಿಸಿ ಹೇಳುವ ರೂಢಿ ಇದೆ. ಹೀಗೆ ಇಂಗ್ಲಿಷಿನಲ್ಲಿ ಮೂಲಾರ್ಥವಾದದ್ದು ಕನ್ನಡದಲ್ಲಿ ವಿಶೇಷಣ ಬೇಡುವ ಅರ್ಥವಾಗಿದೆ.

ಗಾತ್ರದ ಮಿತಿಯೂ ಈ ಪದಕ್ಕಿಲ್ಲ. ಎರಡು ಬೆಂಚು ಮತ್ತು ಒಂದು ಒಲೆ ಇರುವ ರಸ್ತೆಬದಿಯ ಜೋಪಡಿಯೂ ಹೋಟೆಲ್, ಹವಾನಿಯಂತ್ರಿತ ಸಭಾಂಗಣವೂ ಹೋಟೆಲ್. ರೆಸ್ಟೋರೆಂಟ್ ಎಂಬ ಪದ ಕನ್ನಡಕ್ಕೆ ಬಂದಿದೆಯಾದರೂ ಅದು ಹೋಟೆಲಿನ ಸ್ಥಾನವನ್ನು ಪಡೆದಿಲ್ಲ. ಬೆಲೆ ಹೆಚ್ಚು, ಬೆಳಕು ಕಡಿಮೆ, ಉತ್ತರ ಭಾರತದ ತಿನಿಸು ಸಿಗುವ ಜಾಗ ಎಂಬ ಛಾಯೆ ಅದಕ್ಕಿದೆ.

ಇಂತಹ ಪಲ್ಲಟ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತಮಿಳು ಮತ್ತು ಮಲಯಾಳಗಳಲ್ಲಿಯೂ ಹೋಟೆಲ್ ಎಂದರೆ ತಿನ್ನುವ ಸ್ಥಳ. ಆಸ್ಟ್ರೇಲಿಯಾದಲ್ಲಿ ಪದವು ಬೇರೊಂದು ದಾರಿ ಹಿಡಿದು ಮದ್ಯದಂಗಡಿ ಎಂಬ ಅರ್ಥ ಪಡೆದಿದೆ. ಮದ್ಯ ಮಾರುವ ಪರವಾನಗಿ ಪಡೆದವರು ತಂಗುವ ಕೋಣೆಗಳನ್ನೂ ಇಟ್ಟುಕೊಂಡಿರಬೇಕು ಎಂಬ ಹಳೆಯ ನಿಯಮವೇ ಅದಕ್ಕೆ ಕಾರಣ.

ಕನ್ನಡದ ಹಳೆಯ ಪದಗಳು

ಹೋಟೆಲ್ ಬರುವ ಮೊದಲು ಪ್ರಯಾಣಿಕರ ಊಟ ಮತ್ತು ತಂಗುವಿಕೆಗೆ ಕನ್ನಡದಲ್ಲಿ ಹಲವು ಪದಗಳಿದ್ದವು. ಅವುಗಳಲ್ಲಿ ಹೆಚ್ಚಿನವು ದಾನಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹ. ಛತ್ರದಲ್ಲಿ ಊಟ, ವಸತಿ ಉಚಿತ. ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ ಉಚಿತ. ಮಠ ಮತ್ತು ದೇವಸ್ಥಾನಗಳಲ್ಲಿ ಪ್ರಸಾದ ರೂಪದ ಭೋಜನ. ಬೇಯಿಸಿದ ಅನ್ನವನ್ನು ಮಾರುವುದು, ಅಂದರೆ ಅನ್ನವಿಕ್ರಯ, ಸಂಪ್ರದಾಯಸ್ಥರ ದೃಷ್ಟಿಯಲ್ಲಿ ದೋಷವೆನಿಸಿತ್ತು.

ಹಣ ಪಡೆದು ಊಟ ಹಾಕುವವರು ಇರಲೇ ಇಲ್ಲವೆಂದಲ್ಲ. ಜನಪದ ಕಥೆಗಳಲ್ಲಿ ಬರುವ ಅಡುಗೂಲಜ್ಜಿ ಅಂಥವಳು. "ಅಡು" ಎಂದರೆ ಬೇಯಿಸು, "ಕೂಳು" ಎಂದರೆ ಅನ್ನ. ದಾರಿಹೋಕರಿಗೆ ಅಡುಗೆ ಮಾಡಿ ಬಡಿಸಿ, ರಾತ್ರಿ ತನ್ನ ಮನೆಯಲ್ಲಿ ಮಲಗಲು ಜಾಗ ಕೊಡುವ ಮುದುಕಿ ಅವಳು. ಕಥೆಯ ರಾಜಕುಮಾರ ಅಪರಿಚಿತ ಪಟ್ಟಣಕ್ಕೆ ಬಂದಾಗ ಮೊದಲು ಇಳಿದುಕೊಳ್ಳುವುದು ಅವಳಲ್ಲಿಯೇ. ಇಂಗ್ಲಿಷಿನ ಹೋಟೆಲ್ ಎಂಬ ಅರ್ಥಕ್ಕೆ ಕನ್ನಡದಲ್ಲಿ ಅತ್ಯಂತ ಹತ್ತಿರವಾದ ಕಲ್ಪನೆ ಬಹುಶಃ ಇದೇ. ಆದರೆ "ಅಡುಗೂಲಜ್ಜಿ ಕಥೆ" ಎಂದರೆ ಕಟ್ಟುಕಥೆ ಎಂಬ ನುಡಿಗಟ್ಟಾಗಿ ಪದ ಉಳಿಯಿತೇ ಹೊರತು ವ್ಯಾಪಾರದ ಹೆಸರಾಗಿ ಉಳಿಯಲಿಲ್ಲ.

ಉತ್ತರ ಕರ್ನಾಟಕದಲ್ಲಿ ಮರಾಠಿಯಿಂದ ಬಂದ ಖಾನಾವಳಿ ಎಂಬ ಪದ ಇಂದಿಗೂ ಜೀವಂತವಾಗಿದೆ. ಹೊಟ್ಟೆ ತುಂಬ ರೊಟ್ಟಿ ಊಟ ಸಿಗುವ ಸ್ಥಳ ಖಾನಾವಳಿ; ಚಹಾ, ಮಿರ್ಚಿ ಸಿಗುವ ಸ್ಥಳ ಹೋಟೆಲ್ ಎಂಬ ವ್ಯತ್ಯಾಸವನ್ನು ಅಲ್ಲಿನವರು ಮಾಡುತ್ತಾರೆ. ಉಪಾಹಾರ ಮಂದಿರ, ಫಲಾಹಾರ ಮಂದಿರ, ಭೋಜನಾಲಯ ಎಂಬ ಸಂಸ್ಕೃತಜನ್ಯ ರೂಪಗಳು ಫಲಕಗಳ ಮೇಲೆ ಕಾಣಿಸಿಕೊಂಡವು. ಆದರೆ ಫಲಕದಲ್ಲಿ ಏನೇ ಬರೆದಿದ್ದರೂ ಜನ ಕರೆದದ್ದು ಹೋಟೆಲ್ ಎಂದೇ. ಉಡುಪಿಯ ರಥಬೀದಿಯ ಪರಿಸರದಲ್ಲಿ ಗೋಳಿಬಜೆ, ಬನ್ಸ್‌ಗಳಿಗೆ ಹೆಸರಾದ ಮಿತ್ರ ಸಮಾಜದ ಹೆಸರಿನಲ್ಲಿ ಹೋಟೆಲ್ ಎಂಬ ಪದವಿಲ್ಲ. ಹೊಸಬರು ಕೇಳಿದರೆ ಯಾವುದೋ ಸಂಘವೆಂದು ಭಾವಿಸಬಹುದು. ಬೆಂಗಳೂರಿನ ವಿದ್ಯಾರ್ಥಿ ಭವನದ ಹೆಸರು ಕೂಡ ಹಾಸ್ಟೆಲನ್ನು ನೆನಪಿಸುತ್ತದೆ.

ಉಡುಪಿ ಹೋಟೆಲ್

ಉಡುಪಿಯ ಖ್ಯಾತಿಗೆ ಮೂಲ ಮಧ್ವಾಚಾರ್ಯರು ಸ್ಥಾಪಿಸಿದ ಶ್ರೀಕೃಷ್ಣನ ಗುಡಿ. ಅಷ್ಟಮಠಗಳು ಎರಡು ವರ್ಷಗಳಿಗೊಮ್ಮೆ ಸರದಿಯಂತೆ ಪೂಜಾಧಿಕಾರ ವಹಿಸಿಕೊಳ್ಳುವ ಪರ್ಯಾಯ ಪದ್ಧತಿ ಇಲ್ಲಿದೆ. ಬಂದವರಿಗೆಲ್ಲ ಊಟ ಹಾಕುವ ಪರಂಪರೆಯಿಂದಾಗಿ ಇಲ್ಲಿನ ಕೃಷ್ಣನನ್ನು ಅನ್ನಬ್ರಹ್ಮ ಎಂದು ಕರೆಯುತ್ತಾರೆ. ಸಾವಿರಾರು ಜನರಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ರುಚಿಯಾಗಿ, ಹೊತ್ತಿಗೆ ಸರಿಯಾಗಿ ಅಡುಗೆ ಮಾಡಬಲ್ಲ ಬಾಣಸಿಗರ ಸಮುದಾಯ ಈ ಮಠಗಳ ಸುತ್ತ ಬೆಳೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕೌಶಲವೇ ಊರು ಬಿಟ್ಟು ಹೊರಟ ಹಲವರ ಬಂಡವಾಳವಾಯಿತು.

ವಲಸೆಯ ದಿಕ್ಕನ್ನು ಆಡಳಿತದ ಭೂಪಟವೂ ನಿರ್ಧರಿಸಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉಡುಪಿ, ಕಾರ್ಕಳ ಪ್ರದೇಶಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಆದ್ದರಿಂದ ಮದರಾಸು ಅಲ್ಲಿನವರಿಗೆ ರಾಜಧಾನಿ. ಸಮುದ್ರಮಾರ್ಗದಲ್ಲಿ ಮುಂಬಯಿ ಹತ್ತಿರ. ಘಟ್ಟ ಹತ್ತಿದರೆ ಮೈಸೂರು ಸಂಸ್ಥಾನ.

ಮದರಾಸಿಗೆ ಹೋದವರಲ್ಲಿ ಕಾರ್ಕಳದ ಸಮೀಪದ ಕಡಂದಲೆಯ ಕೆ. ಕೃಷ್ಣರಾಯರು ಪ್ರಸಿದ್ಧರು. ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದಿದ್ದ ಅವರು ಮದರಾಸಿನ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀ ಕೃಷ್ಣ ವಿಲಾಸವನ್ನು ನಡೆಸಿದರು. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೆಸರಿನ ಬಂಗಲೆಯನ್ನು ಗುತ್ತಿಗೆಗೆ ಹಿಡಿದು ಸಸ್ಯಾಹಾರಿ ಊಟದ ಜೊತೆಗೆ ತಂಗುವ ಕೋಣೆಗಳನ್ನೂ ಒದಗಿಸಿದರು. ಪದದ ಇತಿಹಾಸದ ದೃಷ್ಟಿಯಿಂದ ಇದೊಂದು ಸ್ವಾರಸ್ಯದ ಘಟ್ಟ: ಇಂಗ್ಲಿಷಿನ ಅರ್ಥ ಮತ್ತು ಕರಾವಳಿಯ ಅರ್ಥ ಎರಡೂ ಒಂದೇ ಸೂರಿನಡಿ ಬಂದವು. ಬಂಗಲೆಯ ಇಂಗ್ಲಿಷ್ ಹೆಸರು ಮುಂದೆ ಸಸ್ಯಾಹಾರಿ ಹೋಟೆಲುಗಳ ಹೆಸರಾಗಿ ದೇಶವಿಡೀ ಹರಡಿತು.

ಬೆಂಗಳೂರಿನಲ್ಲಿ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಕಾಫಿ ಕ್ಲಬ್ 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ವಿದ್ಯಾರ್ಥಿ ಭವನವನ್ನು 1943ರಲ್ಲಿ ಗಾಂಧಿ ಬಜಾರಿನಲ್ಲಿ ಸ್ಥಾಪಿಸಿದ ವೆಂಕಟರಮಣ ಉರಾಳರೂ ಸಾಲಿಗ್ರಾಮದ ಕಡೆಯವರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡಿಪಿ ಶ್ರೀ ಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಇಲ್ಲಿ ಬೋರ್ಡಿಂಗ್ ಎಂದರೆ ವಸತಿಯಲ್ಲ, ಬಾಳೆಲೆಯ ಪೂರ್ಣ ಊಟ. "ಉಡಿಪಿ" ಎಂಬ ಕಾಗುಣಿತವೂ ಆ ಕಾಲದ ಅನೇಕ ಫಲಕಗಳ ಮೇಲೆ ಹಾಗೆಯೇ ಉಳಿದಿದೆ.

ಈ ಹೋಟೆಲುಗಳನ್ನು ನಡೆಸಿದವರೆಲ್ಲ ಉಡುಪಿ ಪಟ್ಟಣದವರಲ್ಲ, ಎಲ್ಲರೂ ಬ್ರಾಹ್ಮಣರೂ ಅಲ್ಲ. ಶಿವಳ್ಳಿ ಮತ್ತು ಕೋಟ ಬ್ರಾಹ್ಮಣರು, ಗೌಡ ಸಾರಸ್ವತರು, ಬಂಟರು ಮತ್ತು ಇತರ ಸಮುದಾಯದವರು ಈ ಉದ್ಯಮದಲ್ಲಿದ್ದಾರೆ. ಕುಂದಾಪುರ, ಬೈಂದೂರು, ಕಾರ್ಕಳ, ಕಾಪು ಕಡೆಯವರೂ ಪರವೂರಿನಲ್ಲಿ "ಉಡುಪಿಯವರು" ಆದರು. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಆದಾಯ ಕಳೆದುಕೊಂಡ ಕುಟುಂಬಗಳ ಯುವಕರೂ ಈ ದಾರಿಯನ್ನು ಹಿಡಿದರು. ಮೀನಿನ ಊಟಕ್ಕೆ ಮುಂಬಯಿಯ ಕರಾವಳಿಗರು ಬಳಸಿದ ಹೆಸರು ಬೇರೆ: ಲಂಚ್ ಹೋಮ್. ಹೀಗಾಗಿ ಆ ನಗರದಲ್ಲಿ ಒಂದೇ ಊರಿನ ಇಬ್ಬರು ನಡೆಸುವ ಎರಡು ಅಂಗಡಿಗಳಲ್ಲಿ ಒಂದು "ಉಡುಪಿ", ಇನ್ನೊಂದು "ಲಂಚ್ ಹೋಮ್" ಆಗಿರುವುದು ಸಾಮಾನ್ಯ.

ಕಾಲಕ್ರಮದಲ್ಲಿ ಸಮಾಸದ ಎರಡನೆಯ ಪದವೂ ಅನಗತ್ಯವಾಯಿತು. ಮುಂಬಯಿಯ ಮಾತಿನಲ್ಲಿ ಉಡುಪಿ ಎಂದರೇ ಇಡ್ಲಿ, ದೋಸೆ, ಕಾಫಿ ಸಿಗುವ ಸಸ್ಯಾಹಾರಿ ಹೋಟೆಲ್. ಪ್ರತಿ ಬೀದಿಗೂ ಒಂದು ಉಡುಪಿ. ಊರಿನ ಅಂಕಿತನಾಮ ರೂಢನಾಮವಾದದ್ದಕ್ಕೆ ಕನ್ನಡನಾಡಿನಲ್ಲಿ ಇಷ್ಟು ದೊಡ್ಡ ನಿದರ್ಶನ ಮತ್ತೊಂದಿಲ್ಲ. ಈ ಹೆಸರು ಗುರುತಾದಂತೆಯೇ ಗುರಿಯೂ ಆಯಿತು. 1966ರಲ್ಲಿ ಸ್ಥಾಪನೆಯಾದ ಶಿವಸೇನೆ ಆರಂಭದ ವರ್ಷಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ನಡೆಸಿದ ಆಂದೋಲನದಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳು ದಾಳಿಗೆ ಒಳಗಾದವು. ಮದರಾಸಿ ಎಂಬ ಒಂದೇ ಹೆಸರಿನಡಿ ಆಗ ಕನ್ನಡಿಗ, ತುಳುವ, ತಮಿಳ ಎಲ್ಲರೂ ಸೇರಿಹೋಗಿದ್ದರು.

ಜಾತಿ, ಪ್ರವೇಶ ಮತ್ತು ಕಾನೂನು

ಹಣ ಕೊಟ್ಟವರಿಗೆಲ್ಲ ಊಟ ಎಂಬ ತತ್ತ್ವ ಹೋಟೆಲಿನಲ್ಲಿ ಮೊದಲಿನಿಂದಲೂ ಇರಲಿಲ್ಲ. ಯಾರು ಬೇಯಿಸಿದ್ದು, ಯಾರ ಪಕ್ಕದಲ್ಲಿ ಕುಳಿತು ಉಣ್ಣುವುದು ಎಂಬ ವಿಚಾರ ಜಾತಿ ವ್ಯವಸ್ಥೆಯ ಮಧ್ಯಭಾಗದಲ್ಲಿದ್ದುದರಿಂದ, ಅಪರಿಚಿತರನ್ನು ಒಂದೇ ಕೋಣೆಯಲ್ಲಿ ಕೂರಿಸುವ ಹೊಸ ಸ್ಥಳವು ಆತಂಕವನ್ನೂ ಹುಟ್ಟಿಸಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಭಾರತದ ಅನೇಕ ಹೋಟೆಲುಗಳ ಫಲಕದಲ್ಲಿ ಬ್ರಾಹ್ಮಣ ಎಂಬ ಪದವಿರುತ್ತಿತ್ತು. ಅದು ಕೆಲವೆಡೆ ಅಡುಗೆಯವರು ಬ್ರಾಹ್ಮಣರು ಎಂಬ ಸೂಚನೆ. ಕೆಲವೆಡೆ ಒಳಗೆ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇದೆ ಎಂಬ ಸೂಚನೆ. ಮಾವಳ್ಳಿ ಟಿಫಿನ್ ರೂಮ್ಸಿನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದೇ ಇತ್ತು. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಫಲಕದಲ್ಲಿದ್ದ ಆ ಪದವನ್ನು ತೆಗೆಸಲು ಪೆರಿಯಾರ್ ಇ. ವಿ. ರಾಮಸ್ವಾಮಿಯವರು ಆಂದೋಲನ ನಡೆಸಿದರು.

ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ, ಅಥವಾ ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕಿತ್ತು. ಹೀಗೆ ಬೇರೆ ಲೋಟ ಇಡುವುದನ್ನು ಎರಡು ಲೋಟದ ಪದ್ಧತಿ ಎಂದು ಕರೆಯಲಾಗುತ್ತದೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವು ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾರಿಗೂ ಅಂಗಡಿ, ಸಾರ್ವಜನಿಕ ರೆಸ್ಟೋರೆಂಟ್, ಹೋಟೆಲ್ ಮತ್ತು ಮನರಂಜನಾ ಸ್ಥಳಗಳ ಪ್ರವೇಶಕ್ಕೆ ಅಡ್ಡಿ ಇರಬಾರದೆಂದು ಹೇಳುತ್ತದೆ. ಇಲ್ಲಿ ರೆಸ್ಟೋರೆಂಟ್ ಮತ್ತು ಹೋಟೆಲ್ ಎಂಬ ಎರಡೂ ಪದಗಳನ್ನು ಬೇರೆ ಬೇರೆಯಾಗಿ ಹೆಸರಿಸಿರುವುದನ್ನು ಗಮನಿಸಬೇಕು. ಹೋಟೆಲ್ ಎಂದಷ್ಟೇ ಬರೆದಿದ್ದರೆ, ನಮ್ಮದು ತಂಗುವ ಸ್ಥಳವಲ್ಲ, ಬರಿಯ ಕಾಫಿ ಅಂಗಡಿ ಎಂದು ವಾದಿಸಲು ಅವಕಾಶವಿರುತ್ತಿತ್ತು.

ಈ ಎಚ್ಚರಿಕೆ 1955ರ ಅಸ್ಪೃಶ್ಯತಾ (ಅಪರಾಧಗಳ) ಅಧಿನಿಯಮದಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ. ಅದರ ಎರಡನೆಯ ಪ್ರಕರಣವು ಹೋಟೆಲ್ ಎಂಬ ಪದದಲ್ಲಿ ಉಪಾಹಾರದ ಕೋಣೆ, ಬೋರ್ಡಿಂಗ್ ಹೌಸ್, ಲಾಡ್ಜಿಂಗ್ ಹೌಸ್, ಕಾಫಿ ಹೌಸ್ ಮತ್ತು ಕೆಫೆಗಳೂ ಸೇರುತ್ತವೆ ಎಂದು ವಿವರಿಸುತ್ತದೆ. ಜನರ ಬಾಯಲ್ಲಿದ್ದ ಅರ್ಥವೂ ಇಂಗ್ಲಿಷ್ ನಿಘಂಟಿನ ಅರ್ಥವೂ ಈ ವಿವರಣೆಯಲ್ಲಿ ಒಟ್ಟಿಗೆ ಬಂದಿವೆ. ನಾಲ್ಕನೆಯ ಪ್ರಕರಣದ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಒಳಗೆ ಬಿಡದಿರುವುದು ಮಾತ್ರವಲ್ಲ, ಹೋಟೆಲ್, ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟಿರುವ ಪಾತ್ರೆಗಳನ್ನು ಬಳಸಲು ಬಿಡದಿರುವುದೂ ಅಪರಾಧ. ಎರಡು ಲೋಟದ ಪದ್ಧತಿ ನೇರವಾಗಿ ಇದರ ವ್ಯಾಪ್ತಿಗೆ ಬರುತ್ತದೆ. 1976ರಲ್ಲಿ ಈ ಅಧಿನಿಯಮವನ್ನು ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ ಎಂದು ಹೆಸರಿಸಲಾಯಿತು. ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸಲಾಯಿತು.

ಉಡುಪಿಯ ಸಂದರ್ಭದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಕೃಷ್ಣಮಠದ ಭೋಜನದಲ್ಲಿನ ಪಂಕ್ತಿಭೇದ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಪ್ರತಿಭಟನೆ ಮತ್ತು ಚರ್ಚೆಗೆ ವಿಷಯವಾಗಿತ್ತು. ಅದೇ ಅಡುಗೆಯ ಪರಂಪರೆಯಿಂದ ಹೊರಟ ಹೋಟೆಲಿನಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರೆಂದು ಕೇಳುವ ಅಧಿಕಾರ ಯಜಮಾನನಿಗೆ ಉಳಿಯಲಿಲ್ಲ. ಬ್ರಾಹ್ಮಣ ಎಂಬ ಪದ ಇಂದಿಗೂ ಕೆಲವು ಫಲಕಗಳಲ್ಲಿ ಇದೆ. ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಅದಕ್ಕೆ ಉದಾಹರಣೆ. ಅಲ್ಲಿ ಅದು ಹೆಸರಷ್ಟೆ, ರಸ್ತೆಬದಿಯಲ್ಲಿ ನಿಂತು ಇಡ್ಲಿ ತಿನ್ನುವವರು ಎಲ್ಲ ಬಗೆಯವರೂ ಇದ್ದಾರೆ.

ದುಡಿಮೆಯ ಸ್ಥಳವಾಗಿ ಹೋಟೆಲ್

ಕರಾವಳಿಯಲ್ಲಿ "ಮಗ ಹೋಟೆಲಿನಲ್ಲಿದ್ದಾನೆ" ಎಂದರೆ ಆತ ಎಲ್ಲಿಯೋ ತಂಗಿದ್ದಾನೆ ಎಂದಾಗಲಿ ಊಟ ಮಾಡುತ್ತಿದ್ದಾನೆ ಎಂದಾಗಲಿ ಅರ್ಥವಲ್ಲ. ಬಹುಮಟ್ಟಿಗೆ ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ಹೋಟೆಲ್ ಕೆಲಸಕ್ಕೆ ಸೇರಿದ್ದಾನೆ ಎಂದರ್ಥ. "ಹೋಟೆಲಿಗೆ ಸೇರು", "ಹೋಟೆಲ್ ಇಡು", "ಹೋಟೆಲ್ ಹಾಕು" ಎಂಬ ಪ್ರಯೋಗಗಳು ಒಂದು ಬದುಕಿನ ಮೆಟ್ಟಿಲುಗಳನ್ನೇ ಸೂಚಿಸುತ್ತವೆ.

ಹೋಟೆಲಿನ ಒಳಗೆ ತನ್ನದೇ ಆದ ಪದಸಂಪತ್ತು ಬೆಳೆದಿದೆ. ಬಡಿಸುವವನು ಸಪ್ಲಾಯರ್; ಇಂಗ್ಲಿಷಿನಲ್ಲಿ ಸರಕು ಪೂರೈಸುವವನು ಎಂಬ ಅರ್ಥದ ಪದ ಇಲ್ಲಿ ಬೇರೆಯೇ ಆಗಿದೆ. ಮೇಜು ಒರೆಸಿ ತಟ್ಟೆ ಎತ್ತುವವನು ಕ್ಲೀನರ್. ಅಡುಗೆಯವರು ಯಾವ ಜಾತಿಯವರಾದರೂ ಭಟ್ಟರು. ಹಣ ಪಡೆಯುವ ಜಾಗ ಗಲ್ಲಾ. ಅಲ್ಲಿ ಕೂರುವುದು ಯಜಮಾನಿಕೆಯ ಚಿಹ್ನೆ. ಮನೆಗೆ ಕಟ್ಟಿಸಿಕೊಂಡು ಹೋಗುವುದು ಪಾರ್ಸೆಲ್.

ಇವುಗಳಲ್ಲಿ ಮಾಣಿ ಎಂಬ ಪದದ ಕಥೆ ವಿಶಿಷ್ಟವಾದುದು. ಕುಂದಾಪುರದ ಕನ್ನಡದಲ್ಲಿ ಮಾಣಿ ಎಂದರೆ ಹುಡುಗ. ಸಂಸ್ಕೃತದ ಮಾಣವಕ ಪದದೊಡನೆ ಸಂಬಂಧವಿರುವ ಈ ಪದವನ್ನು ಮನೆಯ ಹಿರಿಯರು ಪ್ರೀತಿಯಿಂದ ಬಳಸುತ್ತಾರೆ. ಕರಾವಳಿಯ ಯಜಮಾನರು ಊರಿನಿಂದ ಕರೆತಂದ ಹುಡುಗರನ್ನು ಹೋಟೆಲಿನಲ್ಲಿಯೂ ಹಾಗೆಯೇ ಕರೆದರು. ಗಿರಾಕಿಗಳು ಅದನ್ನು ಕೇಳಿ ಕಲಿತರು. ಘಟ್ಟದ ಮೇಲೆ ಮಾಣಿ ಎಂದರೆ ಹೋಟೆಲಿನಲ್ಲಿ ಬಡಿಸುವವನು ಎಂಬ ಅರ್ಥ ನಿಂತಿತು. ಊರಿನ ಮಮತೆಯ ಪದ ಪರವೂರಿನಲ್ಲಿ ಕೆಲಸದಾಳಿನ ಹೆಸರಾಯಿತು.

ಮಾಣಿಗಳು ನಿಜವಾಗಿಯೂ ಬಾಲಕರೇ ಆಗಿದ್ದರು ಎಂಬುದೂ ಈ ಪದದ ಹಿಂದಿರುವ ಸತ್ಯ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಊರು ಬಿಟ್ಟು ಹಗಲೆಲ್ಲ ತಟ್ಟೆ ತೊಳೆದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರ ಆತ್ಮಕಥನಗಳು ಅನೇಕ ಇವೆ. ಓದಲಾಗದೆ ಒಲೆಯ ಮುಂದೆಯೇ ಉಳಿದವರ ಕಥೆಗಳು ಅಷ್ಟಾಗಿ ದಾಖಲಾಗಿಲ್ಲ. 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಅಧಿಸೂಚನೆಯು 14 ವರ್ಷಕ್ಕಿಂತ ಕೆಳಗಿನವರನ್ನು ಧಾಬಾ, ರೆಸ್ಟೋರೆಂಟ್, ಹೋಟೆಲ್, ಮೋಟೆಲ್, ಚಹಾದಂಗಡಿ, ರೆಸಾರ್ಟ್ ಮುಂತಾದೆಡೆ ದುಡಿಸುವುದನ್ನು ನಿಷೇಧಿಸಿತು. ಯಾವ ಹೆಸರಿನ ಮರೆಯಲ್ಲಿಯೂ ತಪ್ಪಿಸಿಕೊಳ್ಳಲಾಗದಂತೆ ಇಲ್ಲಿಯೂ ಪದಗಳ ಸಾಲನ್ನೇ ಇಡಬೇಕಾಯಿತು.

ಮಣಿಪಾಲ, ಕಾಪು ಮತ್ತು ಕಾರ್ಕಳ

ಉಡುಪಿಯ ರಥಬೀದಿಯಿಂದ ಮಣಿಪಾಲಕ್ಕೆ ಸುಮಾರು ಐದು ಕಿಲೋಮೀಟರ್. ಅಷ್ಟು ಅಂತರದಲ್ಲಿ ಪದದ ಅರ್ಥ ಬದಲಾಗುತ್ತದೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಶಿಕ್ಷಣ ಕೇಂದ್ರವಾಗಿ ಬೆಳೆದ ಈ ಪಟ್ಟಣದಲ್ಲಿ 1980ರ ದಶಕದಿಂದ ಹೋಟೆಲ್ ಆಡಳಿತವನ್ನು ಪದವಿ ವ್ಯಾಸಂಗವಾಗಿ ಕಲಿಸುವ ವೆಲ್‌ಕಮ್‌ಗ್ರೂಪ್ ಗ್ರ್ಯಾಜುಯೇಟ್ ಸ್ಕೂಲ್ ಆಫ್ ಹೋಟೆಲ್ ಅಡ್ಮಿನಿಸ್ಟ್ರೇಷನ್ ಇದೆ. ಅಲ್ಲಿ ಹೋಟೆಲ್ ಎಂದರೆ ಕೋಣೆಗಳ ನಿರ್ವಹಣೆ, ಸ್ವಾಗತಕಕ್ಷೆ, ಪಾಕಶಾಲೆ, ಭೋಜನ ಸೇವೆ ಎಲ್ಲವನ್ನೂ ಒಳಗೊಂಡ ಉದ್ಯಮ. "ಹೋಟೆಲ್ ಕೆಲಸ" ಎಂದರೆ ತಟ್ಟೆ ತೊಳೆಯುವುದು ಎಂಬ ಹಿಂದಿನ ತಲೆಮಾರಿನ ತಿಳಿವಳಿಕೆಯೂ "ಹೋಟೆಲ್ ಮ್ಯಾನೇಜ್‌ಮೆಂಟ್" ಎಂಬ ಹೊಸ ವೃತ್ತಿಯ ಗೌರವವೂ ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕದಲ್ಲಿವೆ. ವಿದ್ಯಾರ್ಥಿಗಳು ದಿನನಿತ್ಯ ಉಣ್ಣುವ ಸ್ಥಳ ಮಾತ್ರ ಮೆಸ್. ಒಂದೇ ಲ್ಯಾಟಿನ್ ಮೂಲದಿಂದ ಬಂದ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಎಂಬ ಮೂರೂ ಪದಗಳನ್ನು ಮಣಿಪಾಲದ ನಿವಾಸಿಯೊಬ್ಬ ಒಂದೇ ದಿನದಲ್ಲಿ ಹಲವು ಸಲ ಬಳಸುತ್ತಾನೆ, ಅವುಗಳ ಬಂಧುತ್ವದ ಅರಿವಿಲ್ಲದೆ.

1901ರಲ್ಲಿ ನಿರ್ಮಾಣವಾದ ದೀಪಸ್ತಂಭ ಮತ್ತು ಕಡಲತೀರಕ್ಕೆ ಹೆಸರಾದ ಕಾಪುವಿನಲ್ಲಿ ಪ್ರವಾಸಿಗರು ತಂಗುವ ಸ್ಥಳಗಳು ರೆಸಾರ್ಟ್, ಹೋಮ್‌ಸ್ಟೇ ಎಂಬ ಹೆಸರುಗಳನ್ನು ಪಡೆದಿವೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಸಸ್ಯಾಹಾರಿ ಊಟದ ಮನೆಯೂ ಮೀನೂಟದ ಮನೆಯೂ ಹೋಟೆಲೇ. ವ್ಯತ್ಯಾಸ ತಿಳಿಸಲು "ಶುದ್ಧ ಸಸ್ಯಾಹಾರಿ", "ಫಿಶ್ ಮೀಲ್ಸ್" ಎಂಬ ಪದಗಳನ್ನು ಫಲಕದಲ್ಲಿ ಸೇರಿಸುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಇದೇ ಕೆಲಸವನ್ನು ಮಿಲಿಟರಿ ಹೋಟೆಲ್ ಎಂಬ ಹೆಸರು ಮಾಡುತ್ತದೆ. ಮುದ್ದೆ, ಮಾಂಸದ ಸಾರು ಸಿಗುವ ಆ ಹೋಟೆಲುಗಳಿಗೆ ಈಗ ಸೈನ್ಯದ ಸಂಬಂಧವೇನೂ ಇಲ್ಲ. ಕರಾವಳಿಯಲ್ಲಿ ಮಿಲಿಟರಿ ಹೋಟೆಲ್ ಎಂಬ ರೂಢಿ ಬೆಳೆಯಲಿಲ್ಲ.

ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿ ಎತ್ತರದ ಗೊಮ್ಮಟನನ್ನು ನೋಡಲು ಬರುವವರು ತಂಗುವುದು ಲಾಡ್ಜಿನಲ್ಲಿ, ತಿನ್ನುವುದು ಹೋಟೆಲಿನಲ್ಲಿ.

ವರ್ಗೀಕರಣ ಮತ್ತು ತೆರಿಗೆ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ತಾರಾ ವರ್ಗೀಕರಣವು ಇಂಗ್ಲಿಷಿನ ಅರ್ಥವನ್ನೇ ಅನುಸರಿಸುತ್ತದೆ. ಕನಿಷ್ಠ ಹತ್ತು ಬಾಡಿಗೆ ಕೋಣೆಗಳಿರುವ ಸಂಸ್ಥೆಗೆ ಮಾತ್ರ ಹೋಟೆಲ್ ಎಂದು ತಾರೆಗಳನ್ನು ಪಡೆಯಲು ಅವಕಾಶವಿದೆ. ದಿನಕ್ಕೆ ಸಾವಿರ ಮಸಾಲೆ ದೋಸೆ ಮಾರಾಟವಾಗುವ ಉಡುಪಿ ಹೋಟೆಲಿಗೆ ಕೋಣೆಗಳಿಲ್ಲದಿದ್ದರೆ ಒಂದು ತಾರೆಯೂ ಇಲ್ಲ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಈ ವ್ಯತ್ಯಾಸಕ್ಕೆ ಹಣದ ಬೆಲೆಯಿದೆ. 2017ರ ಜುಲೈ 1ರಂದು ತೆರಿಗೆ ಜಾರಿಯಾದಾಗ ಹವಾನಿಯಂತ್ರಣವಿಲ್ಲದ ಹೋಟೆಲಿನ ಊಟಕ್ಕೆ ಶೇ. 12, ಹವಾನಿಯಂತ್ರಣವಿದ್ದರೆ ಶೇ. 18 ವಿಧಿಸಲಾಯಿತು. ಅದೇ ವರ್ಷದ ನವೆಂಬರ್ 15ರಿಂದ ಎರಡಕ್ಕೂ ಶೇ. 5 ಎಂದಾಯಿತು. ಆದರೆ ದಿನಕ್ಕೆ 7,500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬಾಡಿಗೆಯ ಕೋಣೆಗಳಿದ್ದ ಹೋಟೆಲಿನ ಒಳಗಿನ ಊಟಕ್ಕೆ ಶೇ. 18 ಉಳಿಯಿತು. ಎರಡು ಇಡ್ಲಿಯ ಮೇಲಿನ ತೆರಿಗೆಯನ್ನು ಮಹಡಿಯ ಮೇಲಿನ ಕೋಣೆಯ ಬಾಡಿಗೆ ನಿರ್ಧರಿಸುವಂತಾಯಿತು. ಲೆಕ್ಕಪತ್ರದ ಭಾಷೆಯಲ್ಲಿ ಕನ್ನಡಿಗರ ಬಹುತೇಕ ಹೋಟೆಲುಗಳು ಹೋಟೆಲುಗಳಲ್ಲ, ರೆಸ್ಟೋರೆಂಟುಗಳು. ಆದರೂ ಅವುಗಳ ಮಾಲೀಕರು ಕಟ್ಟಿಕೊಂಡ ಬೃಹತ್ ಬೆಂಗಳೂರು ಹೋಟೆಲುಗಳ ಸಂಘದಂತಹ ಸಂಸ್ಥೆಗಳು ಹಳೆಯ ಪದವನ್ನೇ ಉಳಿಸಿಕೊಂಡಿವೆ.

ಇತರ ಬಳಕೆಗಳು

ಆರ್ಥರ್ ಹೇಲಿ 1965ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯ ಹೆಸರು ಹೋಟೆಲ್. ಅಮೆರಿಕದ ಈಗಲ್ಸ್ ತಂಡದ ಹೋಟೆಲ್ ಕ್ಯಾಲಿಫೋರ್ನಿಯ 1976ರ ಪ್ರಸಿದ್ಧ ಗೀತಸಂಪುಟ. ಮೊನಾಪಲಿ ಆಟದಲ್ಲಿ ನಾಲ್ಕು ಹಸಿರು ಮನೆಗಳನ್ನು ಹಿಂದಿರುಗಿಸಿ ಪಡೆಯುವ ಕೆಂಪು ಕಟ್ಟಡವೂ ಹೋಟೆಲ್.

ವಿಮಾನ ಮತ್ತು ನೌಕೆಗಳ ರೇಡಿಯೋ ಸಂಭಾಷಣೆಯಲ್ಲಿ ಇಂಗ್ಲಿಷಿನ ಎಚ್ ಅಕ್ಷರವನ್ನು ತಪ್ಪಿಲ್ಲದೆ ತಿಳಿಸಲು ಹೋಟೆಲ್ ಎನ್ನುತ್ತಾರೆ. 1956ರಲ್ಲಿ ಈ ಅಕ್ಷರಮಾಲೆ ಜಾರಿಗೆ ಬರುವ ಮೊದಲು ಅಲ್ಲಿ "ಹೌ" ಎಂಬ ಪದವಿತ್ತು. ಅಂತಾರಾಷ್ಟ್ರೀಯ ನೌಕಾ ಸಂಕೇತಗಳಲ್ಲಿ ಅರ್ಧ ಬಿಳಿ, ಅರ್ಧ ಕೆಂಪು ಬಣ್ಣದ ಹೋಟೆಲ್ ಧ್ವಜವನ್ನು ಹಾರಿಸಿದ ಹಡಗಿನಲ್ಲಿ ಬಂದರಿನ ದಾರಿ ತೋರಿಸುವ ಪೈಲಟ್ ಇದ್ದಾನೆ ಎಂದರ್ಥ.